ಬೆಳೆಯ ರಕ್ಷೆಯೂ ಬೆಳೆಗಾರನ ಆರೋಗ್ಯವೂ

1

ಮೂಡಬಿದಿರೆಗೆ ಸಮೀಪದಲ್ಲಿರುವ ಪುತ್ತಿಗೆಯು ಚೌಟರಸರ ಆಳಿಕೆಯಿಂದ ತುಳುನಾಡಿನ ಇತಿಹಾಸದಲ್ಲಿ ಹೆಸರಾದ ಗ್ರಾಮ. ಅಳಿಯಸಂತಾನದ ಕಟ್ಟಿಗೆ ಒಳಪಟ್ಟ ಈ ಜೈನ ಅರಸುಮನೆತನವು ಉಳ್ಳಾಲದ ಕಡೆಯಿಂದ ಬಂದು ಪುತ್ತಿಗೆಯಲ್ಲಿ ನೆಲೆಸಿ, ತರುವಾಯ ಮೂಡಬಿದಿರೆಗೆ ತನ್ನ ಬೀಡನ್ನು ಸಾಗಿಸಿತೆಂಬುದನ್ನು ವಾಚಕರು ಬಲ್ಲರು. ಅರಸರ ವಂಶಾವಳಿ, ಅವರು ನಡೆದುಕೊಂಡ ಸೋಮನಾಥನ ಗುಡಿ, ಅವರ ಕಾಲದ ಬಸದಿಗಳು, ಕಂಬಗಳಲ್ಲಿನ ಚಿತ್ರಕೆಲಸ, ಇವೆಲ್ಲವುಗಳ ವಿಷಯವಾಗಿ ಪಂಡಿತರು ಶ್ರಮಪಟ್ಟು ಬರೆದಿರುವರು. ಆದರೆ ಆ ಅರಸರ ಕಣಜವನ್ನು ತುಂಬಿದ ಒಕ್ಕಲಿನ ಮೈ ಹೇಗಿದ್ದಿತು, ಬೆಳೆಯನ್ನು ಕಾಯುವ ಕೆಲಸದಲ್ಲಿ ಆ ಮೈಗೆ ಏನು ಸಂಭವಿಸಿತು ಎಂಬುದು ಶಾಸನಗಳಲ್ಲಿ ದೊರೆಯುವ ಸಂಗತಿಯಲ್ಲ. ಅದನ್ನು ಹೊಲಗದ್ದೆಗಳ ಪದ್ಧತಿಯಲ್ಲಿಯೂ ಜನರ ಆಚರಣೆಯಲ್ಲಿಯೂ ಅರಸಬೇಕು. ಈಚಿನ ಕಾಲಕ್ಕೆ ಬಂದರೆ ವೈದ್ಯರ ಬರಹಗಳಲ್ಲಿಯೂ ನ್ಯಾಯಾಲಯದ ತೀರ್ಮಾನಗಳಲ್ಲಿಯೂ ಕಾಣಬೇಕು.

ಪುತ್ತಿಗೆ ಮೊದಲಾದ ಗ್ರಾಮಗಳ ಗದ್ದೆಗಳನ್ನು ಹಿಂದಿನಿಂದಲೂ ಬೈಲು, ಮಜಲು, ಬೆಟ್ಟು ಎಂದು ಮೂರು ತರಗಳಾಗಿ ವಿಂಗಡಿಸಿರುವರು. ನೀರಿನ ಅನುಕೂಲಕ್ಕೆ ತಕ್ಕಂತೆ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳನ್ನು ತೆಗೆಯುವುದು ರೂಢಿ. ಬಿತ್ತವನ್ನು ಬೈಹುಲ್ಲಿನ ಮುಡಿಯಲ್ಲಿ ಬಿಗಿದು ಕಟ್ಟಿ ಮನೆಯೊಳಗೆ ಕಾಪಾಡುತ್ತಿದ್ದರು. ಒಂದು ವರ್ಷದ ಬೆಳೆಯೇ ಮುಂದಿನ ವರ್ಷದ ಬಿತ್ತಕ್ಕೆ ಮೂಲವಾಗಿದ್ದುದರಿಂದ, ಬೀಜದ ಗುಣದೋಷಗಳು ಒಕ್ಕಲಿಗೆ ತನ್ನ ಮಕ್ಕಳ ಗುಣದೋಷಗಳಷ್ಟೇ ಪರಿಚಿತವಾಗಿದ್ದುವು.

ಮಳೆಯು ಬಲವಾಗಿ ಹಿಡಿಯುವ ಆಟಿ ತಿಂಗಳು ಈ ನಾಡಿಗೆ ಕಷ್ಟಕಾಲ. ಕಣಜ ಬರಿದಾಗಿರುವುದು, ಜ್ವರವೂ ಬೇಧಿಯೂ ಹಬ್ಬುವುವು, ಪೈರಿಗೂ ದನಕರುಗಳಿಗೂ ರೋಗದ ಭಯವಿರುವುದು. ಆ ಕಾಲದಲ್ಲಿ ನಲಿಕೆಯವರು ತೆಂಗಿನ ಎಳೆಗರಿಯನ್ನುಟ್ಟು, ತಾಳೆಗರಿಯ ಕೊಡೆಯನ್ನು ಹಿಡಿದು, ಆಟಿ ಕಳೆಂಜನಾಗಿ ಮನೆಮನೆಯ ಅಂಗಳಕ್ಕೆ ಬಂದು ಕುಣಿಯುವರು. ಮನೆಯವರು ಕೊಟ್ಟ ಅಕ್ಕಿ, ತೆಂಗಿನಕಾಯಿ, ಉಪ್ಪು, ಅರಸಿನ ಮುಂತಾದವುಗಳನ್ನು ಸ್ವೀಕರಿಸಿ ಊರಿನ ಮಾರಿಯನ್ನು ಕಳೆಯುವನೆಂದು ನಂಬಿಕೆ. ಆಟಿ ಅಮಾವಾಸ್ಯೆಯ ಬೆಳಗ್ಗೆ ಹಾಳೆಮರದ ತೊಗಟೆಯ ಕಷಾಯವನ್ನು ಕುಡಿಯುವ ಪದ್ಧತಿಯೂ ಇದೇ ಭಯಕ್ಕೆ ಪ್ರತೀಕಾರವಾಗಿ ಬಂದುದು. ಈ ಆಚರಣೆಯಲ್ಲಿ ಗಮನಿಸತಕ್ಕ ಅಂಶವೊಂದಿದೆ. ಕಳೆಂಜನು ಕಳೆಯುವ ಮಾರಿಯು ಮನುಷ್ಯನದು, ಜಾನುವಾರಿನದು, ಬೆಳೆಯದು ಎಂದು ಬೇರೆಬೇರೆಯಾಗಿಲ್ಲ. ಮೂರಕ್ಕೂ ಒಂದೇ ಮಾರಿ, ಒಂದೇ ಶಾಂತಿ. ಗದ್ದೆಯ ಆರೋಗ್ಯವನ್ನು ಗದ್ದೆಯಲ್ಲಿ ದುಡಿಯುವವನ ಆರೋಗ್ಯದಿಂದ ಪ್ರತ್ಯೇಕಿಸುವ ಬುದ್ಧಿಯು ಹಳಬರಿಗೆ ಹೊಳೆದಿರಲಿಲ್ಲ. ಆ ಎರಡನ್ನೂ ಬೇರ್ಪಡಿಸಿದುದು ತರುವಾಯದ ಶಾಸ್ತ್ರ. ಆ ಬೇರ್ಪಡಿಕೆಯಿಂದ ಬಂದ ಲಾಭವೂ ಹಾನಿಯೂ ಈ ಜಿಲ್ಲೆಯಲ್ಲಿಯೇ ಸ್ಪಷ್ಟವಾಗಿ ಕಾಣಬರುತ್ತವೆ.

2

ಲಾಭದ ಕತೆಯನ್ನು ಮೊದಲು ಹೇಳುವುದು ನ್ಯಾಯ. ಅಡಿಕೆಯ ತೋಟಗಳಿಗೆ ಮಳೆಗಾಲದಲ್ಲಿ ತಗಲುವ ಕೊಳೆರೋಗವು ಹಿಂದಿನ ಕಾಲದಲ್ಲಿ ಕುಟುಂಬಗಳನ್ನೇ ಸಾಲಕ್ಕೆ ತಳ್ಳುತ್ತಿದ್ದಿತು. ಎಳೆಗಾಯಿಗಳು ಕೊಳೆತು ಉದುರಿದ ತೋಟಕ್ಕೆ ಆ ವರ್ಷ ಬೇರೆ ಗತಿಯಿರಲಿಲ್ಲ. ಘಟ್ಟದ ಮೇಲಿನವರು ಕರಡದ ಹುಲ್ಲಿನಿಂದ ಹೆಣೆದ ಕೊಟ್ಟೆಗಳನ್ನು ಗೊನೆಗಳಿಗೆ ಕಟ್ಟಿ ಮಳೆಯ ಹೊಡೆತವನ್ನು ತಪ್ಪಿಸಲು ನೋಡುತ್ತಿದ್ದರು. 1908ನೆಯ ಇಸವಿಯಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಕೂಲಂಕಷವಾಗಿ ಪರೀಕ್ಷಿಸಿ, ಅದು ಬೂಸಣದಂತಹ ಒಂದು ಸೂಕ್ಷ್ಮಜೀವಿಯಿಂದ ಉಂಟಾಗುವುದೆಂದು 1910ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಹೊಂದಿಸಿಕೊಟ್ಟ ಕೀರ್ತಿಯೂ ಅವರದು. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರು ಎಂಬ ಲೆಕ್ಕವು ಇಂದು ಈ ಜಿಲ್ಲೆಯ ತೋಟಗಾರರೆಲ್ಲರ ಬಾಯಲ್ಲಿದೆ.

ಈ ಮದ್ದಿನಿಂದ ತೋಟಗಳು ಉಳಿದುವು. ಆದರೆ ಮದ್ದು ಬಿಡುವವನ ಪಾಡನ್ನು ಕುರಿತು ಆ ಕಾಲದ ಪುಸ್ತಿಕೆಗಳಲ್ಲಿ ಹೆಚ್ಚಿನ ವಿಚಾರವಿಲ್ಲ. ಜಾರುವ ಮರವನ್ನು ಹತ್ತಿ ಗೊನೆಗೆ ದ್ರಾವಣವನ್ನು ಎರಚುವಾಗ ಅದು ಅವನ ಕಣ್ಣಿಗೂ ಮೈಗೂ ಸುರಿಯುವುದು. ಕಾಲು ತಪ್ಪಿದರೆ ಪ್ರಾಣಕ್ಕೇ ಅಪಾಯ. ಹೀಗಿದ್ದರೂ ಇಲ್ಲಿ ಒಂದು ಸಮಾಧಾನವಿದ್ದಿತು. ತೋಟದ ಯಜಮಾನನು ಮರದ ಬುಡದಲ್ಲಿಯೇ ನಿಂತಿರುತ್ತಿದ್ದನು. ಮದ್ದಿನ ಬಣ್ಣ ಕಣ್ಣಿಗೆ ಕಾಣುತ್ತಿದ್ದಿತು. ಅದು ಎಲ್ಲಿ ಬಿದ್ದಿತು, ಯಾರ ಮೇಲೆ ಬಿದ್ದಿತು ಎಂಬುದು ಮುಚ್ಚುಮರೆಯ ಸಂಗತಿಯಾಗಿರಲಿಲ್ಲ. ಮದ್ದನ್ನು ಬಿಡಿಸುವವನಿಗೂ ಅದಕ್ಕೆ ಮೈಯೊಡ್ಡುವವನಿಗೂ ನಡುವಣ ಅಂತರವು ಒಂದು ಅಡಿಕೆ ಮರದ ಎತ್ತರಕ್ಕಿಂತ ಹೆಚ್ಚಾಗಿರಲಿಲ್ಲ. ಈ ಅಂತರವು ಹೇಗೆ ಬೆಳೆಯುತ್ತ ಹೋಯಿತೆಂಬುದೇ ಮುಂದಿನ ಇತಿಹಾಸ.

3

ಗೇರುಮರವನ್ನು ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ತಂದರು. ಬೇರೇನೂ ಬೆಳೆಯದ ಮುರಕಲ್ಲಿನ ಗುಡ್ಡಗಳಲ್ಲಿಯೂ ಹಬ್ಬುವ ಈ ಮರವು ಬಹುಕಾಲ ಯಾರ ಆರೈಕೆಯನ್ನೂ ಬೇಡದೆ ಬೆಳೆದಿತ್ತು. ಗೇರುಬೀಜವು ಪರದೇಶಕ್ಕೆ ಹೋಗುವ ಸರಕಾದ ಮೇಲೆ ಅದರ ಮರ್ಯಾದೆ ಬದಲಾಯಿತು. ಸರಕಾರಗಳು ಗುಡ್ಡಗಳನ್ನು ಬಳಸಿ ಏಕಪ್ರಕಾರದ ಗೇರುತೋಟಗಳನ್ನು ಎಬ್ಬಿಸಿದುವು. 1956ರ ನವೆಂಬರ 1ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದು, ಅಂದಿನಿಂದ ಕೇರಳಕ್ಕೆ ಸಂದ ಕಾಸರಗೋಡಿನ ಭಾಗದಲ್ಲಿ ಆ ರಾಜ್ಯದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳು ನಾಲ್ಕೂವರೆ ಸಾವಿರ ಹೆಕ್ಟೇರುಗಳಿಗೂ ಮಿಕ್ಕಿ ಹಬ್ಬಿದುವು. ಗಡಿಯ ಈಚೆಗೆ 1978ರಲ್ಲಿ ಸ್ಥಾಪಿತವಾದ ಕರ್ನಾಟಕ ಗೇರು ಅಭಿವೃದ್ಧಿ ನಿಗಮವು ದಕ್ಷಿಣ ಕನ್ನಡ, ಉತ್ತರ ಕನ್ನಡಗಳಲ್ಲಿನ ತೋಟಗಳನ್ನು ನಡೆಯಿಸತೊಡಗಿತು.

ಮರ ಒಂದೇ ಜಾತಿಯದಾಗಿ ಒತ್ತಾಗಿ ನಿಂತಲ್ಲಿ ಅದನ್ನು ತಿನ್ನುವ ಕೀಟವೂ ಒತ್ತಾಗಿ ಬರುವುದು ಸೃಷ್ಟಿಯ ನಿಯಮ. ಗೇರಿನ ಚಿಗುರನ್ನೂ ಹೂಗೊಂಚಲನ್ನೂ ಹೀರಿ ಒಣಗಿಸುವ ಟೀ ಸೊಳ್ಳೆಯೆಂಬ ಕೀಟಕ್ಕೆ ಪರಿಹಾರವಾಗಿ ಆರಿಸಿಕೊಂಡುದು ಎಂಡೋಸಲ್ಫಾನ್ ಎಂಬ ವಿಷವನ್ನು. ಇದು 1950ರ ದಶಕದಲ್ಲಿ ಜರ್ಮನಿ ಮತ್ತು ಅಮೇರಿಕೆಯ ಕಂಪೆನಿಗಳು ಸಿದ್ಧಪಡಿಸಿದ ಕ್ಲೋರಿನ್‌ಯುಕ್ತ ಕೀಟನಾಶಕ. ಕೀಟದ ನರಗಳನ್ನು ಶಾಂತಗೊಳಿಸುವ ವ್ಯವಸ್ಥೆಯನ್ನು ಕೆಡಿಸಿ ಸೆಳೆತದಿಂದ ಕೊಲ್ಲುವುದು ಇದರ ಕ್ರಮ. ಅಂತಹದೇ ನರವ್ಯವಸ್ಥೆಯು ಮನುಷ್ಯನಲ್ಲಿಯೂ ಇರುವುದರಿಂದ ಹೆಚ್ಚಿನ ಪ್ರಮಾಣದಲ್ಲಿ ಮೈಸೇರಿದರೆ ಮನುಷ್ಯನಿಗೂ ಅದೇ ಬಗೆಯ ಸೆಳೆತ ಬರುವುದು.

ಈ ವಿಷವನ್ನು ಕೈಪಂಪಿನಿಂದ ಮರಮರಕ್ಕೆ ಹೊಡೆಯುವುದು ದುಬಾರಿಯೆಂದು ಎಣಿಸಿ, 1970ರ ದಶಕದ ಕೊನೆಯಿಂದ ಹೆಲಿಕಾಪ್ಟರಿನ ಮೂಲಕ ಆಕಾಶದಿಂದ ಸುರಿಸುವ ಏರ್ಪಾಡಾಯಿತು. ವರ್ಷಕ್ಕೆ ಎರಡು ಮೂರು ಬಾರಿಯಂತೆ ಇದು 2000ನೆಯ ಇಸವಿಯವರೆಗೂ ನಡೆಯಿತು. ಆಕಾಶಸಿಂಪಡಣೆಗೆ ನಿಯಮಗಳಿಲ್ಲದೆ ಇರಲಿಲ್ಲ. ಜನರಿಗೆ ಮುನ್ಸೂಚನೆ ಕೊಡಬೇಕು, ಜಲಾಶಯಗಳನ್ನು ಮುಚ್ಚಬೇಕು, ದನಕರುಗಳನ್ನು ದೂರವಿಡಬೇಕು, ಮರಗಳ ತುದಿಗೆ ಹತ್ತಿರದಲ್ಲಿಯೇ ಹಾರಬೇಕು ಎಂದು ಕಾಗದದ ಮೇಲೆ ಬರೆದಿದ್ದಿತು. ಆದರೆ ತುಳುನಾಡಿನ ನೆಲದ ರೀತಿಯನ್ನು ಬಲ್ಲವರಿಗೆ ಈ ನಿಯಮಗಳು ಇಲ್ಲಿ ನಡೆಯತಕ್ಕವಲ್ಲವೆಂದು ಸುಲಭವಾಗಿ ತಿಳಿಯುವುದು. ಇಲ್ಲಿ ಗುಡ್ಡದ ನೆತ್ತಿಯಲ್ಲಿ ತೋಟ, ತಪ್ಪಲಿನಲ್ಲಿ ಮನೆ, ಕೆಳಗೆ ಬೈಲು. ಗುಡ್ಡದ ಮೇಲೆ ಬಿದ್ದ ನೀರೆಲ್ಲವೂ ಮನೆಯ ಅಂಗಳದ ಪಕ್ಕದಲ್ಲಿಯೇ ಇಳಿಯಬೇಕು. ಬಾವಿ, ಕೆರೆ, ಮದಕಗಳು ತೆರೆದಿರುವುವು. ಗುಡ್ಡವನ್ನು ಅಡ್ಡಲಾಗಿ ಕೊರೆದು ತೆಗೆದ ಸುರಂಗಗಳ ನೀರೇ ಎಷ್ಟೋ ಮನೆಗಳಿಗೆ ಕುಡಿಯಲು ಆಧಾರ. ಗುಡ್ಡವನ್ನು ಹೇಗೆ ಮುಚ್ಚಿಡುವುದು? ಏರಿಳಿತದ ನೆಲದ ಮೇಲೆ ಹೆಲಿಕಾಪ್ಟರು ಒಂದೇ ಎತ್ತರದಲ್ಲಿ ಹೇಗೆ ಹಾರುವುದು?

4

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮವು ಕನ್ನಡ ತುಳುಗಳನ್ನಾಡುವ ಕೃಷಿಕರ ಊರು. ಅಲ್ಲಿಯ ದನಗಳು ಅಂಗವೈಕಲ್ಯದ ಕರುಗಳನ್ನು ಈಯತೊಡಗಿದುದನ್ನು ಗಮನಿಸಿ, ಕೃಷಿಕರೂ ಪತ್ರಕರ್ತರೂ ಆದ ಶ್ರೀ ಪಡ್ರೆಯವರು ವಿಷಸಿಂಪಡಣೆಯ ಆರಂಭದ ವರ್ಷಗಳಲ್ಲಿಯೇ ಪತ್ರಿಕೆಯಲ್ಲಿ ಎಚ್ಚರಿಕೆಯನ್ನು ಬರೆದರು. ಅದೇ ಊರಿನಲ್ಲಿ ವೈದ್ಯವೃತ್ತಿಯನ್ನು ನಡೆಯಿಸುತ್ತಿದ್ದ ಡಾ. ವೈ. ಎಸ್. ಮೋಹನಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟುವೈಕಲ್ಯ, ಅರ್ಬುದ ಮೊದಲಾದವುಗಳು ಅಷ್ಟು ಸಣ್ಣ ಊರಿಗೆ ಮೀರಿದ ಸಂಖ್ಯೆಯಲ್ಲಿರುವುದನ್ನು ಕಂಡು, ಮನೆಮನೆಯ ಲೆಕ್ಕವನ್ನು ಬರೆದಿಟ್ಟರು. ಕಾರಣವು ಏನಿರಬಹುದೆಂದು ಮೊದಲಿಗೆ ಅವರಿಗೂ ಹೊಳೆದಿರಲಿಲ್ಲ. ಗುಡ್ಡದ ಮೇಲಣ ಸಿಂಪಡಣೆಯ ಕಡೆಗೆ ದೃಷ್ಟಿ ತಿರುಗಿದುದು ವರ್ಷಗಳ ಅನುಭವದ ಮೇಲೆ. ಕೃಷಿ ಇಲಾಖೆಯ ನೌಕರರೇ ಆಗಿದ್ದ ಲೀಲಾಕುಮಾರಿಯಮ್ಮನವರು ಹೊಸದುರ್ಗದ ಮುನ್ಸೀಫ್ ನ್ಯಾಯಾಲಯಕ್ಕೆ ಮೊರೆಹೋಗಿ 1998ರಲ್ಲಿ ಆಕಾಶಸಿಂಪಡಣೆಗೆ ತಡೆಯಾಜ್ಞೆಯನ್ನು ಪಡೆದರು.

ತರುವಾಯ ವಿಚಾರಣೆಗಳ ಸಾಲು ಪ್ರಾರಂಭವಾಯಿತು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ಆಹಾರ, ಮನುಷ್ಯರ ರಕ್ತ ಇವುಗಳಲ್ಲಿ ಎಂಡೋಸಲ್ಫಾನಿನ ಶೇಷವಿರುವುದಾಗಿ ಪ್ರಕಟಿಸಿತು. ತೋಟದವರ ಕಡೆಯಿಂದ ನಡೆದ ಬೇರೊಂದು ಪರೀಕ್ಷೆಯು ಅದಕ್ಕೆ ವಿರುದ್ಧವಾದ ಫಲವನ್ನು ಕೊಟ್ಟಿತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ವಿದ್ವಾಂಸರು ಗೇರುತೋಟದ ತಪ್ಪಲಿನ ಊರಿನ 117 ಮಂದಿ ಹುಡುಗರನ್ನೂ, ಸಿಂಪಡಣೆಯಿಲ್ಲದ ಬೇರೊಂದು ಊರಿನ 90 ಮಂದಿ ಹುಡುಗರನ್ನೂ ಹೋಲಿಸಿ ನೋಡಿ, ವಿಷದ ಸಂಪರ್ಕವಿದ್ದವರಲ್ಲಿ ಪ್ರಾಯಕ್ಕೆ ಬರುವುದು ತಡವಾಗುತ್ತಿರುವುದೆಂದು 2003ರಲ್ಲಿ ಬರೆದರು. ಕೇಂದ್ರಸರಕಾರವು ನೇಮಿಸಿದ ದುಬೆ ಸಮಿತಿಯೂ ಮಾಯಿ ಸಮಿತಿಯೂ ರೋಗಗಳಿಗೂ ಎಂಡೋಸಲ್ಫಾನಿಗೂ ಸಂಬಂಧವು ಸಿದ್ಧವಾಗಿಲ್ಲವೆಂದುವು. ಪ್ರತಿಯೊಬ್ಬ ರೋಗಿಯ ರೋಗವೂ ಇದರಿಂದಲೇ ಬಂದಿತೆಂದು ಸಾಧಿಸುವುದು ಶಾಸ್ತ್ರದೃಷ್ಟಿಯಿಂದ ಕಷ್ಟವೆಂಬುದನ್ನು ಒಪ್ಪಬೇಕು. ಸಿಂಪಡಣೆಯು ಪ್ರಾರಂಭವಾಗುವ ಮುನ್ನ ಆ ಊರುಗಳ ಆರೋಗ್ಯ ಹೇಗಿದ್ದಿತೆಂದು ಯಾರೂ ಪರೀಕ್ಷಿಸಿ ಬರೆದಿಟ್ಟಿರಲಿಲ್ಲ. ಬೆಳೆಯ ಇಳುವರಿಗೆ ಪ್ರತಿವರ್ಷವೂ ಲೆಕ್ಕವಿದ್ದಿತು. ಬೆಳೆಯ ಕೆಳಗೆ ವಾಸಿಸುವವರ ಲೆಕ್ಕವಿರಲಿಲ್ಲ. ಆ ಲೆಕ್ಕವಿಲ್ಲದಿರುವಿಕೆಯೇ ಮುಂದೆ ರೋಗಿಗೆ ವಿರುದ್ಧವಾದ ವಾದವಾಗಿ ಪರಿಣಮಿಸಿದುದು ಈ ಪ್ರಕರಣದ ಅತ್ಯಂತ ಖೇದಕರವಾದ ಅಂಶ.

2011ರ ಏಪ್ರಿಲಿನಲ್ಲಿ ಜಿನೀವಾ ನಗರದಲ್ಲಿ ಸೇರಿದ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು ಎಂಡೋಸಲ್ಫಾನನ್ನು ಲೋಕದಿಂದಲೇ ತೊಲಗಿಸತಕ್ಕ ವಿಷಗಳ ಪಟ್ಟಿಗೆ ಸೇರಿಸಿದುವು. ಅದೇ ವರ್ಷ ಮೇ 13ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಯಿತು. 2017ರ ಜನವರಿಯಲ್ಲಿ ಅದೇ ನ್ಯಾಯಾಲಯವು ಕೇರಳದ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಗಳ ಪರಿಹಾರವನ್ನು ಮೂರು ತಿಂಗಳೊಳಗಾಗಿ ಸಲ್ಲಿಸುವಂತೆ ಆಜ್ಞಾಪಿಸಿತು.

5

ಪಡ್ರೆಯ ಹೆಸರು ಲೋಕಕ್ಕೆ ಕೇಳಿಸಿತು. ಪುತ್ತಿಗೆಯ ಆಗ್ನೇಯಕ್ಕೆ ಬೆಳ್ತಂಗಡಿ ತಾಲೂಕಿನ ತೆಂಕಣ ಅಂಚಿನಲ್ಲಿರುವ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಹೆಸರು ಅಷ್ಟು ಬೇಗ ಕೇಳಿಸಲಿಲ್ಲ. ಕೊಕ್ಕಡವು ವೈದ್ಯನಾಥೇಶ್ವರನ ಕ್ಷೇತ್ರ. ಸಮೀಪದ ಸೌತಡ್ಕದಲ್ಲಿ ಗುಡಿಯೂ ಗೋಪುರವೂ ಇಲ್ಲದೆ ಬಯಲಿನಲ್ಲಿಯೇ ನೆಲೆಸಿರುವ ಮಹಾಗಣಪತಿಗೆ ಹಿಂದೆ ದನ ಕಾಯುವ ಹುಡುಗರು ಸೌತೆಕಾಯಿಯನ್ನು ನಿವೇದಿಸುತ್ತಿದ್ದರೆಂಬ ಐತಿಹ್ಯವಿದೆ. ಇಂತಹ ಊರಿನ ಸುತ್ತಲಿನ ಗೇರುತೋಟಗಳ ಮೇಲೆಯೂ 1980ರ ದಶಕದಿಂದ ಹೆಲಿಕಾಪ್ಟರಿನ ಸಿಂಪಡಣೆಯು ವರ್ಷವರ್ಷವೂ ನಡೆಯಿತು. ಆ ಕಾಲದಲ್ಲಿ ಹೆಲಿಕಾಪ್ಟರು ಹಳ್ಳಿಯವರಿಗೆ ಅಪರೂಪದ ನೋಟ. ಮಕ್ಕಳು ಅದನ್ನು ನೋಡಲು ಗುಡ್ಡಕ್ಕೆ ಓಡುವುದು ಸ್ವಾಭಾವಿಕ. ವಿಷವು ಸದ್ದುಮಾಡಿಕೊಂಡೇ ಬಂದಿತು. ಅದು ವಿಷವೆಂಬುದನ್ನು ಮನದಟ್ಟಾಗುವಂತೆ ಹೇಳುವವರಿರಲಿಲ್ಲ.

ಅಲ್ಲಿಯ ಮನೆಗಳಲ್ಲಿ ಹಾಸಿಗೆಯನ್ನು ಬಿಟ್ಟೇಳಲಾರದ ಮಕ್ಕಳು ಬೆಳೆದು ದೊಡ್ಡವರಾದರು. ಅವರನ್ನು ಎತ್ತಿ ಕೂರಿಸುವ ತಾಯಿತಂದೆಗಳು ಮುದುಕರಾದರು. ತಾವು ಹೋದ ಮೇಲೆ ಇವರ ಗತಿಯೇನು ಎಂಬ ಪ್ರಶ್ನೆಯನ್ನು ಹೊತ್ತುಕೊಂಡು ಅವರು ಕಚೇರಿಯಿಂದ ಕಚೇರಿಗೆ ಅಲೆದರು. ಊರಿನವರೇ ಕೂಡಿ ಹೋರಾಟದ ಸಮಿತಿಯನ್ನು ಕಟ್ಟಿದರು. ಅದರ ಫಲವಾಗಿ ಕರ್ನಾಟಕ ಸರಕಾರವು 2010ರಲ್ಲಿ ಈ ಮೂರು ಗ್ರಾಮಗಳ ಸಂತ್ರಸ್ತರಿಗೆ ತಲಾ 50,000 ರೂಪಾಯಿಗಳ ನೆರವನ್ನು ಘೋಷಿಸಿತು. 2011ರ ಫೆಬ್ರವರಿಯಲ್ಲಿ ಎಂಡೋಸಲ್ಫಾನನ್ನು ರಾಜ್ಯದಲ್ಲಿ ತಾತ್ಕಾಲಿಕವಾಗಿ ನಿಷೇಧಿಸಿತು. ತರುವಾಯ ವೈಕಲ್ಯದ ಪ್ರಮಾಣವನ್ನು ನೋಡಿ ಮಾಸಾಶನವನ್ನು ಗೊತ್ತುಪಡಿಸಿದರು. ಕೊಕ್ಕಡದಲ್ಲಿಯೂ ಕೊಯಿಲದಲ್ಲಿಯೂ ಹಗಲುಹೊತ್ತು ಸಂತ್ರಸ್ತರನ್ನು ನೋಡಿಕೊಳ್ಳುವ ಪಾಲನಾಕೇಂದ್ರಗಳು ತೆರೆದುವು. ಇವು ಸಣ್ಣ ಉಪಕಾರಗಳಲ್ಲ. ಆದರೂ ಒಂದು ಸೂಕ್ಷ್ಮವನ್ನು ಮರೆಯಬಾರದು. ಈ ಜನರಲ್ಲಿ ಬಹುಮಂದಿ ಗೇರುತೋಟದ ಒಡೆಯರಲ್ಲ. ಅದರ ಲಾಭದಲ್ಲಿ ಪಾಲುಗಾರರೂ ಅಲ್ಲ. ಅವರು ತಮ್ಮ ಗದ್ದೆತೋಟಗಳಲ್ಲಿ ತಮ್ಮ ಬೆಳೆಯನ್ನು ಬೆಳೆಯುತ್ತಿದ್ದ ನೆರೆಕರೆಯವರು. ಮದ್ದನ್ನು ಬಿಡಿಸುವವನಿಗೂ ಅದಕ್ಕೆ ಮೈಯೊಡ್ಡುವವನಿಗೂ ನಡುವಣ ಅಂತರವು, ಕೋಲ್ಮನ್ನರ ಕಾಲದ ಅಡಿಕೆ ಮರದ ಎತ್ತರದಿಂದ ಬೆಳೆದು, ಆಕಾಶದಲ್ಲಿ ಹಾರುವ ಯಂತ್ರಕ್ಕೂ ಅಂಗಳದಲ್ಲಿ ಆಡುವ ಮಗುವಿಗೂ ನಡುವಣ ಅಂತರವಾಗಿದ್ದಿತು.

6

ಇದೇ ಎಂಡೋಸಲ್ಫಾನು ಬಯಲುಸೀಮೆಯಲ್ಲಿ ಹತ್ತಿಯ ಕಾಯಿಕೊರಕಕ್ಕೆ ಹೊಡೆಯುವ ಮದ್ದೂ ಆಗಿದ್ದಿತು. ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಭಾರತದ ಬೆಳೆನೆಲದ ಅತ್ಯಲ್ಪ ಭಾಗವನ್ನಾಕ್ರಮಿಸಿದ್ದ ಹತ್ತಿಯು ದೇಶದ ಕೀಟನಾಶಕಗಳಲ್ಲಿ ಸರಿಸುಮಾರು ಅರ್ಧವನ್ನು ಕುಡಿಯುತ್ತಿದ್ದಿತು. ಮದ್ದನ್ನು ಬೆನ್ನಿಗೆ ಹೊತ್ತು ಎದೆಯೆತ್ತರದ ಹತ್ತಿಯ ಸಾಲುಗಳಲ್ಲಿ ನಡೆಯುವ ರೈತನು ತಲೆಸುತ್ತಿ ಬೀಳುವುದು ಸಾಮಾನ್ಯ ಸಂಗತಿಯಾಗಿದ್ದಿತು. ಹೀಗಿರಲು, ಮದ್ದನ್ನು ಹೊರಗಿನಿಂದ ಹೊಡೆಯುವ ಬದಲು ಬೀಜದೊಳಗೇ ಇರಿಸಿಬಿಟ್ಟರೆ ರೈತನ ಮೈ ಉಳಿಯುವುದಲ್ಲವೆ ಎಂಬ ಆಲೋಚನೆಯು ಆಕರ್ಷಕವಾಗಿ ಕಂಡುದು ಸಹಜ. ಕುಲಾಂತರಿ ಬೆಳೆಗಳ ಪರವಾದ ವಾದಗಳಲ್ಲಿ ಇದಕ್ಕಿಂತ ಬಲವಾದುದು ಬೇರೊಂದಿಲ್ಲ.

ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿಯು ರೇಷ್ಮೆಹುಳುವನ್ನು ಕೊಲ್ಲುವುದನ್ನು 1901ರಲ್ಲಿ ಜಪಾನಿನ ಇಶಿವಾತಾ ಎಂಬವರು ಕಂಡುಹಿಡಿದರು. ಮುಂದೆ ಜರ್ಮನಿಯ ಬರ್ಲೀನರರು ತುರಿಂಗಿಯ ಪ್ರಾಂತದ ಹೆಸರಿನಿಂದ ಅದಕ್ಕೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂದು ನಾಮಕರಣ ಮಾಡಿದರು. ಇದರ ಮೊದಲಕ್ಷರಗಳೇ ಬಿ.ಟಿ. ಇದು ಉತ್ಪಾದಿಸುವ ಪ್ರೋಟೀನು ಹುಳುವಿನ ಕ್ಷಾರಯುಕ್ತವಾದ ಕರುಳಿನಲ್ಲಿ ಕರಗಿ, ಅಲ್ಲಿಯ ಕೋಶಗಳಿಗೆ ಅಂಟಿ ರಂಧ್ರ ಮಾಡುವುದು. ಮನುಷ್ಯನ ಜಠರವು ಆಮ್ಲಯುಕ್ತ; ಆ ಪ್ರೋಟೀನು ಅಂಟತಕ್ಕ ಸ್ಥಾನವೂ ಅವನ ಕರುಳಿನಲ್ಲಿಲ್ಲ. ಈ ಪ್ರೋಟೀನನ್ನು ಉಂಟುಮಾಡುವ ವಂಶವಾಹಿಯನ್ನು ಹತ್ತಿಯೊಳಗೆ ಸೇರಿಸಿದುದೇ ಬಿ.ಟಿ. ಹತ್ತಿ.

ಕರ್ನಾಟಕದಲ್ಲಿ ಈ ಹತ್ತಿಯ ಚರಿತ್ರೆಯು ಬೆಂಕಿಯಿಂದ ಪ್ರಾರಂಭವಾಯಿತು. 1998ರ ನವೆಂಬರಿನಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ರಾಜ್ಯ ರೈತಸಂಘವು ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನಲ್ಲಿದ್ದ ಪರೀಕ್ಷಾರ್ಥದ ಬೆಳೆಯನ್ನು ಕಿತ್ತು ಸುಟ್ಟಿತು. ತಮ್ಮ ನೆಲದಲ್ಲಿ ನೆಟ್ಟುದು ಏನೆಂಬುದು ರೈತರಿಗೆ ಗೊತ್ತಿಲ್ಲ, ಗ್ರಾಮಕ್ಕೂ ಗೊತ್ತಿಲ್ಲ ಎಂಬುದು ಅವರ ಮುಖ್ಯವಾದ ಆಕ್ಷೇಪ. 2002ರ ಮಾರ್ಚಿ 26ರಂದು ಕೇಂದ್ರದ ಸಮಿತಿಯು ಮಹಿಕೋ ಕಂಪೆನಿಯ ಮೂರು ತಳಿಗಳಿಗೆ ಅನುಮತಿಯಿತ್ತಿತು. ಕೆಲವೇ ವರ್ಷಗಳಲ್ಲಿ ದೇಶದ ಹತ್ತಿಯ ಹೊಲಗಳಲ್ಲಿ ಹೆಚ್ಚಿನವು ಬಿ.ಟಿ. ಹತ್ತಿಗೆ ತಿರುಗಿದುವು.

ಆರೋಗ್ಯದ ವಿಷಯದಲ್ಲಿ ಏನಾಯಿತು? ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತಮಿಳುನಾಡುಗಳ ಹತ್ತಿಬೆಳೆಗಾರರನ್ನು ಹಲವು ವರ್ಷ ಅನುಸರಿಸಿ ನೋಡಿದ ಕೌಸರ್ ಮತ್ತು ಕೈಮ್ ಎಂಬ ವಿದ್ವಾಂಸರು, ಸಿಂಪಡಣೆಯು ಕಡಮೆಯಾದುದರಿಂದ ರೈತರಲ್ಲಿ ವಿಷಬಾಧೆಯ ಪ್ರಸಂಗಗಳೂ ಕಡಮೆಯಾದುವೆಂದು 2011ರಲ್ಲಿ ಪ್ರಕಟಿಸಿದರು. ಈ ಲಾಭವನ್ನು ಅಲ್ಲಗಳೆಯುವುದು ಸತ್ಯಕ್ಕೆ ಅಪಚಾರ. ಕುಲಾಂತರಿ ಆಹಾರವನ್ನು ತಿಂದವರಿಗೆ ಸಾಮಾನ್ಯ ಆಹಾರಕ್ಕಿಂತ ಹೆಚ್ಚಿನ ಅಪಾಯವಿದೆಯೆಂಬುದಕ್ಕೆ ಸಾಧಾರವಾದ ಪುರಾವೆ ಕಾಣಲಿಲ್ಲವೆಂದು ಅಮೇರಿಕೆಯ ರಾಷ್ಟ್ರೀಯ ವಿಜ್ಞಾನ ಪರಿಷತ್ತುಗಳು 2016ರಲ್ಲಿ ಹೇಳಿದುದನ್ನೂ ಇಲ್ಲಿ ಸ್ಮರಿಸಬೇಕು. ಆದರೆ ಹುಳವೂ ಸುಮ್ಮನಿರಲಿಲ್ಲ. ಗುಲಾಬಿ ಕಾಯಿಕೊರಕವು ಮೊದಲ ಬಿ.ಟಿ. ಹತ್ತಿಯನ್ನು ಜಯಿಸಿದ ವರ್ತಮಾನವು 2010ರಲ್ಲಿ ಗುಜರಾತಿನಿಂದ ಬಂದಿತು. ಎರಡು ಪ್ರೋಟೀನುಗಳನ್ನಿರಿಸಿದ ಎರಡನೆಯ ತಳಿಯನ್ನೂ ಅದು ಕೆಲವು ವರ್ಷಗಳಲ್ಲಿ ಜಯಿಸಿತು. ಬಿ.ಟಿ. ತಾಗದ ಇತರ ರಸಹೀರುವ ಕೀಟಗಳೂ ಹೆಚ್ಚಿದುವು. ರೈತನು ಮರಳಿ ಪಂಪನ್ನು ಬೆನ್ನಿಗೇರಿಸಿದನು. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಬಿ.ಟಿ. ಹತ್ತಿಯ ಹೊಲಗಳಿಗೆ ಹಲವು ವಿಷಗಳನ್ನು ಬೆರಸಿ ಸಿಂಪಡಿಸಿದ ಇಪ್ಪತ್ತಕ್ಕೂ ಮಿಕ್ಕಿದ ಜನರು ಮಡಿದರು; ನೂರಾರು ಮಂದಿ ಆಸ್ಪತ್ರೆ ಸೇರಿದರು. ಬೀಜದೊಳಗಿನ ರಕ್ಷೆಯು ಬೆಳೆಗಾರನ ಮೈಗೆ ಶಾಶ್ವತವಾದ ಕವಚವಾಗಲಿಲ್ಲ.

7

ಹತ್ತಿಯ ವಿಚಾರವು ಕರಾವಳಿಯವರಿಗೆ ದೂರದ್ದೆನಿಸಬಹುದು. ಬದನೆಯ ವಿಚಾರವು ಮನೆಯ ಅಡಿಗೆಯ ಕೋಣೆಗೇ ಬಂದಿತು. ಉಡುಪಿಗೆ ಸಮೀಪದ ಮಟ್ಟು ಗ್ರಾಮದಲ್ಲಿ ಬೆಳೆಯುವ ದುಂಡಗಿನ ಹಸುರು ಬದನೆಯನ್ನು ಗುಳ್ಳವೆನ್ನುವರು. ಸೋದೆಯ ವಾದಿರಾಜಸ್ವಾಮಿಗಳು ಇದರ ಬೀಜವನ್ನು ಮಟ್ಟುವಿನವರಿಗೆ ಅನುಗ್ರಹಿಸಿದರೆಂಬ ಐತಿಹ್ಯವು ಪ್ರಸಿದ್ಧ. ಪರ್ಯಾಯದ ಕಾಲದಲ್ಲಿ ಕೃಷ್ಣಮಠಕ್ಕೆ ಇದರ ಹೊರೆಕಾಣಿಕೆ ಸಲ್ಲುವುದು. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕವೆಂಬ ಸರಕಾರದ ಮನ್ನಣೆಯೂ ದೊರೆಯಿತು.

ಬದನೆಗೆ ಕುಡಿ ಮತ್ತು ಕಾಯಿಕೊರಕದ ಬಾಧೆ ಬಹಳ. ವ್ಯಾಪಾರಕ್ಕಾಗಿ ಬೆಳೆಯುವವರು ಒಂದು ಬೆಳೆಗೆ ಹತ್ತಾರು ಬಾರಿ ವಿಷ ಹೊಡೆಯುವುದುಂಟು. ಇದಕ್ಕೆ ಪರಿಹಾರವಾಗಿ ಬಿ.ಟಿ. ಬದನೆಯನ್ನು ಸಿದ್ಧಪಡಿಸಿದುದು ಮಹಿಕೋ ಕಂಪೆನಿ. ಸ್ಥಳೀಯ ತಳಿಗಳೊಳಗೆ ಆ ಗುಣವನ್ನು ಸೇರಿಸುವ ಕಾರ್ಯದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವೂ ಸೇರಿಕೊಂಡಿತು. ಹಾಗೆ ಬಳಕೆಯಾದ ಕರ್ನಾಟಕದ ತಳಿಗಳಲ್ಲಿ ಉಡುಪಿಯ ಗುಳ್ಳವೂ ಒಂದು. ಇದಕ್ಕೆ ಜೀವವೈವಿಧ್ಯ ಶಾಸನದಂತೆ ಸ್ಥಳೀಯರ ಒಪ್ಪಿಗೆಯನ್ನು ಪಡೆದಿಲ್ಲವೆಂದು ಬೆಂಗಳೂರಿನ ಪರಿಸರ ಸಂಸ್ಥೆಯೊಂದು 2010ರಲ್ಲಿ ದೂರಿತ್ತಿತು; ವಿಷಯವು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. 2009ರ ಅಕ್ಟೋಬರ 14ರಂದು ಕೇಂದ್ರದ ಸಮಿತಿಯು ಬಿ.ಟಿ. ಬದನೆಗೆ ಸಮ್ಮತಿಯನ್ನಿತ್ತಿದ್ದರೂ, ಅಂದಿನ ಪರಿಸರ ಮಂತ್ರಿಗಳಾದ ಜೈರಾಮ ರಮೇಶರು ಏಳು ನಗರಗಳಲ್ಲಿ ಜನರ ಅಭಿಪ್ರಾಯವನ್ನು ಕೇಳಿದರು. ಕೊನೆಯ ಸಭೆಯು 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆಯಿತು. ವಿದ್ವಾಂಸರಲ್ಲಿ ಏಕಮತವಿಲ್ಲ, ಸ್ವತಂತ್ರವಾದ ದೀರ್ಘಪರೀಕ್ಷೆ ನಡೆದಿಲ್ಲ, ಅವಸರಪಡಬೇಕಾದ ಕಾರಣವೂ ಇಲ್ಲ ಎಂದು ಹೇಳಿ ಮೂರು ದಿನಗಳ ತರುವಾಯ ಅವರು ಅದನ್ನು ತಡೆಹಿಡಿದರು. ನೆರೆಯ ಬಾಂಗ್ಲಾದೇಶವಾದರೋ 2013ರಲ್ಲಿ ಅದೇ ಬದನೆಗೆ ಅನುಮತಿಯಿತ್ತು, ಮರುವರ್ಷ ರೈತರಿಗೆ ಸಸಿಗಳನ್ನು ಹಂಚಿತು. ಎರಡು ಸರಕಾರಗಳ ಈ ಭಿನ್ನವಾದ ನಡೆಗಳಲ್ಲಿ ಯಾವುದು ಸರಿಯೆಂಬ ವಾದವು ಮುಗಿದಿಲ್ಲ. ಆದರೆ ಬೆಳೆಯು ಹೊಲಕ್ಕೆ ಇಳಿಯುವ ಮುನ್ನವೇ ಬೆಳೆಗಾರನನ್ನೂ ಉಣ್ಣುವವನನ್ನೂ ಬಹಿರಂಗವಾಗಿ ಕೇಳಿದ ಆ ಕ್ರಮವು ಕೊಕ್ಕಡಕ್ಕೂ ಪಡ್ರೆಗೂ ದೊರೆತಿರಲಿಲ್ಲವೆಂಬುದನ್ನು ನೆನೆದರೆ ಅದರ ಬೆಲೆ ತಿಳಿಯುವುದು.

8

ಶತಮಾನಕ್ಕೂ ಮಿಕ್ಕಿದ ಈ ಇತಿಹಾಸದಿಂದ ಗ್ರಹಿಸಬಹುದಾದುದು ಹೆಚ್ಚು ಜಟಿಲವಾದುದೇನಲ್ಲ. ಬೋರ್ಡೋ ದ್ರಾವಣ, ಎಂಡೋಸಲ್ಫಾನ್, ಬಿ.ಟಿ. ಬೀಜ, ಇವು ಮೂರೂ ಬೆಳೆಯನ್ನು ಉಳಿಸಲೆಂದೇ ಹುಟ್ಟಿದುವು; ಮೂರೂ ಒಂದೊಂದು ಕಾಲದಲ್ಲಿ ಬೆಳೆಯನ್ನು ಉಳಿಸಿದುವು. ಅವುಗಳ ಗುಣಾವಗುಣಗಳು ಒಂದೇ ತರದವಲ್ಲ. ಕುಲಾಂತರಿಯೆಂದ ಮಾತ್ರಕ್ಕೆ ಬೀಜವನ್ನು ವಿಷವೆನ್ನುವುದೂ, ಪ್ರಯೋಗಶಾಲೆಯಿಂದ ಬಂದಿತೆಂದ ಮಾತ್ರಕ್ಕೆ ಅದನ್ನು ಅಮೃತವೆನ್ನುವುದೂ ವಿಚಾರವಂತರಿಗೆ ತಕ್ಕುದಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ. ಬಳಕೆಗೆ ಮೊದಲು ಬೆಳೆಗಾರನ ಆರೋಗ್ಯವನ್ನು ನೋಡಿ ಬರೆದಿಟ್ಟವರುಂಟೆ? ಅಪಾಯವು ಕಂಡಲ್ಲಿ ಅದನ್ನು ಸಾಧಿಸುವ ಭಾರವು ಹಾಸಿಗೆ ಹಿಡಿದವನ ಮೇಲೆಯೋ, ಬಳಸಿದವರ ಮೇಲೆಯೋ? ಬೆಳೆಯ ಲಾಭವೂ ಬಾಧೆಯೂ ಒಂದೇ ಮನೆಗೆ ಸೇರುವುವೋ, ಲಾಭವೊಂದು ಮನೆಗೆ, ಬಾಧೆ ಮತ್ತೊಂದು ಮನೆಗೆ ಹೋಗುವುವೋ?

ಈ ಪ್ರಶ್ನೆಗಳು ಹಳತಾಗಿಲ್ಲ. ಕುಲಾಂತರಿ ಸಾಸಿವೆಯ ವಿಷಯದಲ್ಲಿ 2024ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಾಧೀಶರು ಭಿನ್ನವಾದ ತೀರ್ಪುಗಳನ್ನಿತ್ತರು. 2025ರ ಮೇ ತಿಂಗಳಲ್ಲಿ ವಂಶವಾಹಿಯನ್ನು ತಿದ್ದಿದ ಎರಡು ಭತ್ತದ ತಳಿಗಳನ್ನು ಕೇಂದ್ರಸರಕಾರವು ಪ್ರಕಟಿಸಿತು. ಇವುಗಳಲ್ಲಿ ಹೊರಗಿನ ಜೀವಿಯ ಅಂಶವಿಲ್ಲವೆಂದು ವಿದ್ವಾಂಸರು ಹೇಳುವರು. ಭತ್ತವೆಂದ ಮೇಲೆ ಅದು ಪುತ್ತಿಗೆಯ ಬೈಲಿಗೂ ಒಂದು ದಿನ ಬರತಕ್ಕುದೇ. ಇತ್ತ ಕಾಸರಗೋಡಿನ ಬೆಳೇರಿಯಲ್ಲಿ ಸತ್ಯನಾರಾಯಣರೆಂಬ ಕೃಷಿಕರು 650ಕ್ಕೂ ಮಿಕ್ಕಿದ ಭತ್ತದ ತಳಿಗಳನ್ನು ಸಂರಕ್ಷಿಸಿ 2024ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಹೊಸ ಬೀಜವು ಬರಲಿ, ಹಳೆಯ ಮುಡಿಯೂ ಬಿಚ್ಚದೆ ಉಳಿಯಲಿ ಎಂಬ ವಿವೇಕವು ನಾಡಿನಲ್ಲಿ ಇನ್ನೂ ಜೀವಂತವಾಗಿರುವುದಕ್ಕೆ ಇದು ಸಾಕ್ಷಿ.

ಆಟಿಯ ಮಳೆಯಲ್ಲಿ ಕಳೆಂಜನು ಈಗಲೂ ಕೆಲವು ಊರುಗಳ ಅಂಗಳಕ್ಕೆ ಬರುವನು. ಅವನ ಕುಣಿತದಿಂದ ರೋಗವು ಹೋಗುವುದೆಂದು ಇಂದಿನ ಓದುಬರಹದವರು ನಂಬಬೇಕಾಗಿಲ್ಲ. ಆದರೆ ಅವನು ಒಂದೇ ಅಂಗಳದಲ್ಲಿ ನಿಂತು ಮನುಷ್ಯರ, ದನಕರುಗಳ, ಪೈರುಗಳ ಕ್ಷೇಮವನ್ನು ಒಟ್ಟಿಗೆ ವಿಚಾರಿಸುವನು. ಗೇರುಗುಡ್ಡಗಳ ಮೇಲೆ ಇಪ್ಪತ್ತು ವರ್ಷ ಹಾರಾಡಿದವರು ಬೆಳೆಯ ಕ್ಷೇಮವನ್ನು ಮಾತ್ರ ವಿಚಾರಿಸಿದರು. ಉಳಿದೆರಡರ ಲೆಕ್ಕವು ಕೊಕ್ಕಡದ ಮನೆಗಳಲ್ಲಿ ಈಗಲೂ ತೀರದೆ ಉಳಿದಿದೆ.